ಮೂವತ್ತೊಂದನೆಯ ಚೀಟಿ

"ಟ್ರಂಕ್ನ ಕಾಲ್ ಕೆಳಗೆ ಇಡ್ಬೇಡಿ ಅಂದ್ನಲ್ಲ," ಎಂದು ಬೆಟ್ಟಸ್ವಾಮಿ ಮೂರನೆಯ ಸಲ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳದ್ದರಿಂದ ತಾನೇ ವ್ಯಾನು ಹತ್ತಿ, ಆ ಕರಿ ಬಣ್ಣದ ತಗಡಿನ ಟ್ರಂಕನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿಗೆ ಗುರುಸಿದ್ದಯ್ಯ ಮೇಷ್ಟ್ರು ಕೂತಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಾಗಾಗಿ ಮೇಷ್ಟ್ರು ಮರದ ಕುರ್ಚಿಯಲ್ಲಿ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಕೊರಳ ತುಂಬ ಹಾರ ಹಾಕಿಸಿಕೊಂಡು, ಹಳೇ ವಿದ್ಯಾರ್ಥಿಯೊಬ್ಬನ ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು.

ಹೊಸ ಜುಬ್ಬದ ಎದೆಜೇಬಿನಲ್ಲಿ ಖಾಲಿ ಚೀಟಿಗಳ ಒಂದು ಸಣ್ಣ ಕಟ್ಟು, ಒಂದು ಮೋಟು ಪೆನ್ಸಿಲ್ಲು ಇದ್ದವು. ಬೆಳಿಗ್ಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವಾಗ ಹೆಂಡತಿ ಸಿದ್ದಲಕ್ಷ್ಮಮ್ಮ ಹಳೇ ಜುಬ್ಬದಿಂದ ತೆಗೆದು ಹೊಸದಕ್ಕೆ ಬದಲಾಯಿಸಿದ್ದರು. ಇಪ್ಪತ್ತೈದು ವರ್ಷ ಬಟ್ಟೆ ಒಗೆಯುವ ಮುಂಚೆ ದಿನಾ ಮಾಡಿದ ಕೆಲಸ. ಇವತ್ತು ಬೇಕೋ ಬೇಡವೋ ಎಂದು ಯೋಚಿಸುವ ಮೊದಲೇ ಕೈ ಮಾಡಿ ಮುಗಿಸಿತ್ತು.

ವ್ಯಾನು ತುಮಕೂರಿನ ಉಪ್ಪಾರಹಳ್ಳಿ ಬಿಟ್ಟು ಗುಬ್ಬಿ ರಸ್ತೆ ಹಿಡಿಯಿತು. ಗುಬ್ಬಿಗೆ ಎರಡು ಮೈಲಿ ಇರುವಾಗ ರಸ್ತೆಯ ಮಗ್ಗುಲಿಗೇ ಮೇಷ್ಟ್ರ ತಮ್ಮ ಅಡವಿಯಪ್ಪನ ಹೊಲ. ಗುಣಿ ತೋಡಿಸಿದ್ದು ಅಲ್ಲಿ. ಮೇಷ್ಟ್ರ ಮಗಳು ಸರ್ವಮಂಗಳ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಟೈಪಿಸ್ಟು. ಅವಳು ತನ್ನ ಲೂನಾದಲ್ಲಿ ವ್ಯಾನಿನ ಹಿಂದೆಯೇ ಬರುತ್ತಿದ್ದಳು. ಎಂಬತ್ತನಾಲ್ಕರ ಏಪ್ರಿಲ್ ತಿಂಗಳು. ಬೆಳಿಗ್ಗೆ ಹನ್ನೊಂದಕ್ಕೇ ರಸ್ತೆಯ ಟಾರು ಮೆತ್ತಗಾಗಿತ್ತು.

"ಅದ್ರಲ್ಲಿ ನಂದೂ ಒಂದೈತಂತಲ್ಲ," ಎಂದಳು ವ್ಯಾನಿನ ಮೂಲೆಯಲ್ಲಿ ಕೂತಿದ್ದ ಚೆನ್ನಮ್ಮ, ಟ್ರಂಕಿನ ಕಡೆ ಕೈ ತೋರಿಸಿ. "ಒಂದ್ಸಲ ಓದಪ್ಪ, ಕೇಳಾನ."

ಚೆನ್ನಮ್ಮ ಉಪ್ಪಾರಹಳ್ಳಿಯಲ್ಲಿ ಕೋಳಿ ಸಾಕಿಕೊಂಡಿದ್ದವಳು. ಬೆಟ್ಟಸ್ವಾಮಿ ಟ್ರಂಕು ತೆಗೆದು, ದಾರ ಕಟ್ಟಿದ ಕಟ್ಟುಗಳಲ್ಲಿ ಹುಡುಕಿ, ಒಂದು ಚೀಟಿ ಎಳೆದ. ಹಳೇ ಪರೀಕ್ಷೆ ಪೇಪರುಗಳನ್ನು ಅಂಗೈಯಗಲಕ್ಕೆ ಕತ್ತರಿಸಿ ಮಾಡಿದ ಚೀಟಿಗಳು ಅವು. ಮುಂದೆ ಯಾರೋ ಆಡಿದ ಒಂದು ಮಾತು, ಹಿಂದೆ ಆಡಿದವರ ಹೆಸರು, ಊರು, ತಾರೀಖು. ಆತ ಓದಿದ: "'ಈ ಮುಂಡೇದು ಮೂರ್ ದಿನದಿಂದ ಮೊಟ್ಟೆ ಇಕ್ಕಿಲ್ಲ ಕಣಮ್ಮ.' ಚೆನ್ನಮ್ಮ, ಉಪ್ಪಾರಹಳ್ಳಿ, ಎರಡು ಹತ್ತು ಎಪ್ಪತ್ತು."

"ಆ ಕರಿ ಹ್ಯಾಟೆ," ಎಂದು ಚೆನ್ನಮ್ಮ ನೆನಪು ಮಾಡಿಕೊಂಡಳು. "ಮೇಷ್ಟ್ರು ನಾಕ್ ದಿನ ಬುಟ್ಟು ಬಂದು, ಈಗ ಇಕ್ತೈತೇನಮ್ಮ ಅಂತ ಇಚಾರಿಸಿದ್ರು. ಮೊಟ್ಟೆ ಮುಟ್ಟದ ಜನ, ನನ್ನ ಕೋಳಿ ಯೋಗಕ್ಷೇಮ ಕೇಳಾರಲ್ಲ ಅಂತ ಮನೆಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು."

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ನಕ್ಕ ಮೇಲೆ ಎದುರಿಗೆ ಹೆಣ ಕೂತಿರುವುದು ನೆನಪಾಗಿ ಸುಮ್ಮನಾಗಲು ನೋಡಿದರು. ಅಷ್ಟರಲ್ಲಿ ಸಿದ್ದಲಕ್ಷ್ಮಮ್ಮನವರೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಿದ್ದರಿಂದ ಉಳಿದವರಿಗೂ ಧೈರ್ಯ ಬಂತು.

ಮೇಷ್ಟ್ರ ಬದುಕಿನ ವಿಚಾರ ಹೇಳುವುದಾದರೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದರು, ಒಬ್ಬಳು ಮಗಳನ್ನು ಸಾಕಿದರು, ಹಾಲಿನವನ ಹತ್ತಿರವೂ ಜಗಳ ಆಡಲಿಲ್ಲ. ಇದರ ನಡುವೆ ಬೆಂಗಳೂರಿನ ನಿಘಂಟು ಕಚೇರಿಯೊಂದು, ನಿಮ್ಮ ಕಡೆಯ ಮಾತುಗಳನ್ನು ಕೂಡಿಸಿ ಕಳಿಸಿ ಎಂದು ಮೇಷ್ಟ್ರುಗಳಿಗೆಲ್ಲ ಕಾಗದ ಬರೆಯಿತು. ಬೇರೆಯವರು ಸಾವಿರಗಟ್ಟಲೆ ಪದ ಪಟ್ಟಿ ಮಾಡಿ ಕಳಿಸಿ ಕೈತೊಳೆದುಕೊಂಡರು. ಗುರುಸಿದ್ದಯ್ಯನವರು ಒಂದೇ ಒಂದು ಕ್ರಿಯಾಪದ ಹಿಡಿದರು: ಇಕ್ಕು. ಸಾವಿರ ವರ್ಷದ ಹಳೇ ಮಾತು. ಪೇಟೆಯವರು ಅದನ್ನು ಬಿಟ್ಟು ಹಾಕು, ಇಡು, ಬಡಿಸು ಎನ್ನತೊಡಗಿದ್ದರೂ ಹಳ್ಳಿಯ ಬಾಯಲ್ಲಿ ಇನ್ನೂ ಗಟ್ಟಿಯಾಗಿತ್ತು. ಮುದ್ದೆ ಇಕ್ಕುತ್ತಾರೆ, ಬೀಗ ಇಕ್ಕುತ್ತಾರೆ, ಬಣವೆಗೆ ಬೆಂಕಿ ಇಕ್ಕುತ್ತಾರೆ, ಕೆನ್ನೆಗೆ ಎರಡು ಇಕ್ಕುತ್ತಾರೆ, ನಂಬಿದವನಿಗೆ ನಾಮ ಇಕ್ಕುತ್ತಾರೆ. ಹೀಗೆ ಒಂದೊಂದು ಬಳಕೆಗೂ ಒಂದೊಂದು ಕಟ್ಟು ಮಾಡುತ್ತ ಹೋಗಿ ಮೂವತ್ತು ಕಟ್ಟು ಆದವು. ಹುಡುಗರು ಬೆನ್ನ ಹಿಂದೆ ಇಕ್ಕು ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಚೀಟಿಗೆ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಮಾತು ತಾನಾಗಿ ಬೀಳಬೇಕು, ಕೇಳಿ ಆಡಿಸಿಕೊಂಡದ್ದು ಬೇಡ. ಕೇಳಿದರೆ ಜನ ಉಪಕಾರಕ್ಕೆಂದು ಇಲ್ಲದ ಮಾತನ್ನೂ ಆಡುತ್ತಾರೆ ಎನ್ನುವುದು ಅವರ ಅನುಭವ.

"ಸಾಕು ಮುಚ್ಚಪ್ಪ ಅದನ್ನ," ಎಂದ ಅಡವಿಯಪ್ಪ. ಅವನು ನಗದೆ ಕೂತಿದ್ದ. "ಅಣ್ಣ ಹೇಳಿದ್ದು ಗ್ಯಾನ ಐತಲ್ಲ ನಿಂಗೆ? ನಾನೂ ಅಲ್ಲೇ ಇದ್ದೆ."

ಬೆಟ್ಟಸ್ವಾಮಿ ಟ್ರಂಕು ಮುಚ್ಚಿದ. ನೆನಪಿಲ್ಲದೆ ಏನು, ನಾಲ್ಕು ದಿನದಿಂದ ಅವನಿಗೆ ಇದ್ದ ಸಂಕಟವೇ ಅದು.

*

ಎಪ್ಪತ್ತೊಂದರಲ್ಲಿ ಬೆಟ್ಟಸ್ವಾಮಿ ತುಮಕೂರು–ಕುಣಿಗಲ್ ಬಸ್ಸಿನ ಕಂಡಕ್ಟರು. ಪ್ರತಿ ಭಾನುವಾರ ಮೇಷ್ಟ್ರು ಮುಂದಿನ ಸೀಟು ಬಿಟ್ಟು ಹಿಂದೆ, ಹೆಂಗಸರ ಮಾತು ಕೇಳಿಸುವ ಕಡೆ ಕೂರುತ್ತಿದ್ದರು. ಮೊದಮೊದಲು ಬೆಟ್ಟಸ್ವಾಮಿಗೆ ಅನುಮಾನ ಬಂದಿತ್ತು. ವಿಷಯ ತಿಳಿದ ಮೇಲೆ ಅವನಿಗೇ ಹುಚ್ಚು ಹತ್ತಿತು. ಟಿಕೆಟ್ ಹರಿಯುತ್ತ ಹರಿಯುತ್ತ ಕಿವಿ ನಿಮಿರಿಸಿಕೊಂಡಿದ್ದು, ಇಳಿಯುವ ಸ್ಟಾಪಿನಲ್ಲಿ ಮೇಷ್ಟ್ರಿಗೆ ವರದಿ ಒಪ್ಪಿಸುತ್ತಿದ್ದ.

ಒಂದು ಭಾನುವಾರ ಬಸ್ಸು ಕುಣಿಗಲ್ ಮುಟ್ಟುವ ಮುಂಚೆ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವವರೆಗೆ ಇಬ್ಬರೂ ಪಕ್ಕದ ಹಳ್ಳಿಯೊಳಗೆ ಹೋದರು. ಅಲ್ಲಿ ಹಾಳುಬಾವಿಯ ಹಿಂದೆ ಎಮ್ಮೆ ಮೈ ಉಜ್ಜುತ್ತಿದ್ದ ಒಂದು ಶಾಸನದ ಕಲ್ಲು. ಮೇಷ್ಟ್ರು ಎಮ್ಮೆಯನ್ನು ನಯವಾಗಿ ಆಚೆ ಕಳಿಸಿ, ಎಲೆಯ ರಸ ಹಿಂಡಿ ಅಕ್ಷರಕ್ಕೆ ಬಳಿದು, ಮಂಡಿಯೂರಿ ಕೂತು ಓದಿದರು. ಏಳುನೂರು ವರ್ಷದ ಹಿಂದೆ ಯಾರೋ ಒಬ್ಬಳು ದಾರಿಹೋಕರಿಗೆ ಅರವಟ್ಟಿಗೆ ಇಕ್ಕಿದಳು ಎಂದು ಅದರಲ್ಲಿತ್ತು. ಅರವಟ್ಟಿಗೆ ಎಂದರೆ ಬೇಸಿಗೆಯಲ್ಲಿ ದಾರಿ ಬದಿಗೆ ಕುಡಿಯುವ ನೀರು ತುಂಬಿಸಿಟ್ಟು ನಡೆಸುವ ಚಪ್ಪರ. ಇಲ್ಲಿ ಇಕ್ಕುವುದೆಂದರೆ ಬರೀ ಇಡುವುದಲ್ಲ, ಬೇರೆಯವರಿಗೋಸ್ಕರ ಒಂದನ್ನು ಶುರು ಮಾಡಿ ಬಿಡದೆ ನಡೆಸುವುದು ಎಂದು ಮೇಷ್ಟ್ರು ವಿವರಿಸಿದರು.

"ಮೂವತ್ತೊಂದನೇದು," ಎಂದರು. ಕಣ್ಣು ಹೊಳೆಯುತ್ತಿತ್ತು. "ಆದರೆ ಕಲ್ಲು ಹೇಳಿದ್ದು ಸಾಕ್ಷಿ ಅಲ್ಲ ಬೆಟ್ಟಸ್ವಾಮಿ. ಉಸಿರಾಡೋ ಬಾಯಲ್ಲಿ ಒಂದ್ಸಲ ಕೇಳ್ಬೇಕು. ನೀನು ಯಾರಿಗೂ ಹೇಳ್ಬೇಡ, ಮನೇಲೂ ಹೇಳ್ಬೇಡ."

ಆ ದಿನವೇ ಚೀಟಿಯ ಮುಂಭಾಗದಲ್ಲಿ ಮೂವತ್ತೊಂದು ಎಂದು ಬರೆದು, ಅರ್ಥ ಬರೆದು, ಮಾತಿನ ಜಾಗ ಖಾಲಿ ಬಿಟ್ಟರು. ಹಿಂಭಾಗ ಪೂರ್ತಿ ಖಾಲಿ. ಅದು ಹದಿಮೂರು ವರ್ಷ ಹಾಗೇ ಉಳಿಯಿತು. ನಿಘಂಟು ಕಚೇರಿಯವರು ಮೂರು ಸಲ ಕಾಗದ ಬರೆದರು. ಮೂರು ಸಲವೂ ಮೇಷ್ಟ್ರು, ಒಂದು ಬಾಕಿ ಇದೆ, ಸಿಕ್ಕ ಕೂಡಲೇ ಕಳಿಸುತ್ತೇನೆ ಎಂದು ಉತ್ತರ ಬರೆದರು.

ಎಪ್ಪತ್ತಾರರಲ್ಲಿ ಬೆಟ್ಟಸ್ವಾಮಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಕುಣಿಗಲ್ ಬಸ್ ಸ್ಟ್ಯಾಂಡಿನ ಹೋಟೆಲಿನ ವೆಂಕಟರಂಗಯ್ಯನಿಗೆ ಗುಟ್ಟಾಗಿ ಮಾತು ಹೇಳಿಕೊಟ್ಟ. ಮೇಷ್ಟ್ರು ಬಂದು ಕೂತ ಕೂಡಲೇ, ಕಾಫಿಯೂ ಕೇಳುವ ಮುಂಚೆ, ವೆಂಕಟರಂಗಯ್ಯ ನಮ್ಮಪ್ಪ ಅರವಟ್ಟಿಗೆ ಇಕ್ಕಿದ್ದರು ಎಂದು ಎರಡು ಸಲ ಹೇಳಿದ. ಮೇಷ್ಟ್ರ ಕೈ ಜೇಬಿಗೆ ಹೋಯಿತು, ಪೆನ್ಸಿಲ್ಲು ಬಂತು. ಸಂತೋಷಕ್ಕೆ ಏನೋ ಮಾತಾಡಬೇಕೆಂದು, ಎಲ್ಲಿ ಇಕ್ಕಿದ್ದರು ಎಂದು ಕೇಳಿದರು. ವೆಂಕಟರಂಗಯ್ಯ ಕಕ್ಕಾಬಿಕ್ಕಿಯಾಗಿ, "ಇನ್ನೆಲ್ಲಿ ಸ್ವಾಮಿ, ಎಲೆ ತುದೀಲಿ, ಉಪ್ಪಿನಕಾಯಿ ಪಕ್ಕ," ಎಂದ.

ಮೇಷ್ಟ್ರು ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ಆದರೆ ಎರಡು ಭಾನುವಾರ ಬೆಟ್ಟಸ್ವಾಮಿಯ ಬಸ್ಸು ಬಿಟ್ಟು ಅದರ ಹಿಂದಿನ ಬಸ್ಸಿನಲ್ಲಿ ಓಡಾಡಿದರು. ಆ ಎರಡು ಭಾನುವಾರ ಬೆಟ್ಟಸ್ವಾಮಿಗೆ ಊಟ ಸೇರಲಿಲ್ಲ.

*

ಹೋದ ವಾರ ಡಾಕ್ಟರು ಇನ್ನು ಮನೆಗೆ ಕರಕೊಂಡು ಹೋಗಿ ಎಂದ ಮೇಲೆ, ಮೇಷ್ಟ್ರು ಬೆಟ್ಟಸ್ವಾಮಿಯನ್ನು ಹಾಸಿಗೆಯ ಪಕ್ಕಕ್ಕೆ ಕರೆದಿದ್ದರು. ಅಡವಿಯಪ್ಪ ಕಾಲ ಹತ್ತಿರ ಕೂತಿದ್ದ. ಮೇಷ್ಟ್ರ ದನಿ ತೆಳ್ಳಗಾಗಿದ್ದರೂ ಪಾಠ ಮಾಡುವ ಸ್ಪಷ್ಟತೆ ಹೋಗಿರಲಿಲ್ಲ.

"ಮೂವತ್ತೊಂದು ಖಾಲಿ ಇದ್ದ ಮೇಲೆ ಆ ಟ್ರಂಕನ್ನ ಯಾರಿಗೂ ಕೊಡ್ಕೂಡದು. ಅರ್ಧಂಬರ್ಧ ಕೆಲಸ ನನ್ನ ಹೆಸರಲ್ಲಿ ಊರಾಡೋದು ಬೇಡ. ನನ್ನ ಜೊತೆಗೇ ಕೂರಿಸಿಬಿಡು."

ಆಗಲಿ ಮೇಷ್ಟ್ರೇ ಎಂದುಬಿಟ್ಟಿದ್ದ ಬೆಟ್ಟಸ್ವಾಮಿ. ಸಾಯುವವರ ಮುಂದೆ ಬೇರೆ ಏನು ಹೇಳಲು ಬರುತ್ತದೆ. ಆದರೆ ಇಪ್ಪತ್ತೈದು ವರ್ಷದ ಕಿವಿ, ಸಾವಿರದ ಇನ್ನೂರು ಜನದ ಬಾಯಿ, ಅಷ್ಟೂ ಗೆದ್ದಲಿಗೆ ಹೋಗುವುದನ್ನು ನೆನೆದರೆ ಅವನಿಗೆ ಒಪ್ಪಿದ್ದೇ ತಪ್ಪಾಯಿತು ಎನಿಸುತ್ತಿತ್ತು. ಆ ಸಾವಿರದ ಇನ್ನೂರರಲ್ಲಿ ಅವನದೂ ಒಂದಿತ್ತು. ಇನ್ಸ್‌ಪೆಕ್ಟರು ಮೆಮೋ ಇಕ್ಕಿದ ದಿನ ಆಡಿದ್ದು. ಅವನ ಹೆಸರು ಬರೆದಿಟ್ಟ ಕಾಗದ ಪ್ರಪಂಚದಲ್ಲಿ ಡಿಪೋದ ಕಾಗದ, ರೇಷನ್ ಕಾರ್ಡು ಬಿಟ್ಟರೆ ಅದೊಂದೇ.

*

ಹೊಲಕ್ಕೆ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಗುಣಿಯೊಳಗೆ ಮೇಷ್ಟ್ರನ್ನು ಕೂರಿಸಬೇಕಾದ ಗೂಡು ಇನ್ನೂ ಸರಿಯಾಗಿ ಆಗಿರಲಿಲ್ಲ. ನೆಲ ಗಟ್ಟಿ, ಗುದ್ದಲಿ ಹಿಡಿದ ಇಬ್ಬರೂ ಬೆವರಿ ನೀರಾಗಿದ್ದರು. ಇನ್ನೂ ಅರ್ಧ ಗಂಟೆ ಬೇಕು ಎಂದರು. ಪೂಜೆ ಮಾಡಿಸಲು ಬಂದ ಅಯ್ಯನವರು ನೆರಳು ಹುಡುಕಿ ಕೂತರು. ಮೇಷ್ಟ್ರನ್ನು ಕುರ್ಚಿಯ ಸಮೇತ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಇಳಿಸಿದರು. ಅವರ ಪಕ್ಕದಲ್ಲಿ ಬೆಟ್ಟಸ್ವಾಮಿ ಟ್ರಂಕಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತ.

ಸರ್ವಮಂಗಳ ಲೂನಾ ನಿಲ್ಲಿಸಿ ಬಂದು, ಚಿಕ್ಕಪ್ಪ ಇದನ್ನು ಒಳಗೆ ಇಡಿಸಿಯೇ ಬಿಡುತ್ತಾರಾ ಎಂದು ಮೆಲ್ಲಗೆ ಕೇಳಿದಳು. ತಾನು ಎಲ್ಲವನ್ನೂ ಟೈಪ್ ಮಾಡಿ ಬೆಂಗಳೂರಿಗೆ ಕಳಿಸಲು ತಯಾರಿದ್ದೆ, ಅಪ್ಪ ಒಪ್ಪಲಿಲ್ಲ ಎಂದಳು. ಬೆಟ್ಟಸ್ವಾಮಿ ಅವಳ ಮುಖ ನೋಡಲಾರದೆ ಟ್ರಂಕಿನ ಕೊಂಡಿ ನೋಡಿದ. ಅಡವಿಯಪ್ಪ ದೂರದಿಂದಲೇ, ಆ ಪೆಟ್ಟಿಗೆಗೂ ಒಂದಷ್ಟು ಜಾಗ ಬಿಟ್ಟು ತೋಡ್ರಪ್ಪ ಎಂದು ಗುಣಿಯವರಿಗೆ ಹೇಳುತ್ತಿದ್ದ. ಅವನು ಕೆಟ್ಟವನಲ್ಲ. ಅಣ್ಣನ ಕೊನೇ ಮಾತು ನಡೆಸದಿದ್ದರೆ ರಾತ್ರಿ ನಿದ್ದೆ ಬಾರದ ಜಾತಿಯ ಮನುಷ್ಯ, ಅಷ್ಟೆ.

ಎಲ್ಲರೂ ಗುಣಿಯ ಕಡೆ ಹೋದಾಗ ಬೆಟ್ಟಸ್ವಾಮಿ ಆ ಕಡೆ ಈ ಕಡೆ ನೋಡಿದ. ಟ್ರಂಕಿನ ಮುಚ್ಚಳ ಎತ್ತಿ ಎಲ್ಲಕ್ಕಿಂತ ಮೇಲಿದ್ದ ಆ ಖಾಲಿ ಚೀಟಿ ತೆಗೆದ. ಬರೆಯಲು ತನ್ನ ಹತ್ತಿರ ಏನೂ ಇಲ್ಲ. ರಿಟೈರ್ ಆದ ದಿನವೇ ಕಿವಿಯ ಸಂದಿಯ ಪೆನ್ಸಿಲ್ಲು ಹೋಗಿತ್ತು. ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಕೈ ಚಾಚಿ ಮೇಷ್ಟ್ರ ಜೇಬಿನ ಮೋಟು ಪೆನ್ಸಿಲ್ಲನ್ನೇ ಎಳೆದುಕೊಂಡ. ಮಾತನ್ನು ತಾನೇ ಹುಟ್ಟಿಸಿ ಬರೆಯಬೇಕು, ಹಿಂದೆ ತನ್ನ ಸತ್ತ ಅಜ್ಜಿ ರೇವಮ್ಮನ ಹೆಸರು ಹಾಕಬೇಕು. ಬಂದು ಕೇಳುವವರು ಯಾರೂ ಇಲ್ಲ. ಹೆಸರೇ ಮೊದಲು ಬರೆಯೋಣವೆಂದು ಚೀಟಿ ತಿರುಗಿಸಿ, 'ರೇ' ಎಂದು ಬರೆದ. ಬರೆದು ತಲೆ ಎತ್ತಿದರೆ ಮೇಷ್ಟ್ರು ಅರೆಗಣ್ಣು ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಂತಿತ್ತು. ಎಪ್ಪತ್ತಾರರ ಆ ಎರಡು ಭಾನುವಾರ ನೆನಪಾದವು. ಬೆಟ್ಟಸ್ವಾಮಿಗೆ ಮುಂದಿನ ಅಕ್ಷರ ಬರೆಯಲು ಕೈ ಏಳಲಿಲ್ಲ, ಬರೆದದ್ದನ್ನು ಅಳಿಸಲೂ ಮನಸ್ಸಾಗಲಿಲ್ಲ.

ಆಗಲೇ ರಸ್ತೆಯಲ್ಲಿ ಗುಬ್ಬಿ ಸಂತೆಯಿಂದ ವಾಪಸು ಬರುತ್ತಿದ್ದ ಕೆಲವು ಹೆಂಗಸರು, ತಲೆ ಮೇಲೆ ಬುಟ್ಟಿ ಹೊತ್ತವರು, ಮರದ ನೆರಳಿಗೆ ಬಂದರು. ಒಬ್ಬಳು ಮುದುಕಿ ಹೆಣವನ್ನು ನೋಡಿ ಕೈ ಮುಗಿದು, ಕುಡಿಯಲು ಒಂದು ಗುಟುಕು ನೀರಿದೆಯಾ ಎಂದು ಕೇಳಿದಳು. ಅಡವಿಯಪ್ಪ ತಂದಿದ್ದ ಒಂದೇ ಬಿಂದಿಗೆ ಗುಣಿಯವರಿಗೇ ಖಾಲಿಯಾಗಿತ್ತು. ಇಲ್ಲವಲ್ಲಮ್ಮ ಎಂದು ಗುಣಿಯ ಕಡೆಯಿಂದ ಯಾರೋ ಹೇಳಿದರು. ಮುದುಕಿ ತುಟಿ ಸವರಿಕೊಂಡು ಮತ್ತೆ ಬುಟ್ಟಿ ತಲೆಗೇರಿಸಿಕೊಂಡಳು.

ಸಿದ್ದಲಕ್ಷ್ಮಮ್ಮನವರು ಬೆಳಗಿನಿಂದ ನಕ್ಕಿದ್ದರು, ಅತ್ತಿದ್ದರು, ಹೇಳಿದ ಕಡೆ ಕೂತಿದ್ದರು. ಈಗ ಥಟ್ಟನೆ ಎದ್ದು ಮರದಡಿಗೆ ಬಂದರು.

"ಅಡವಿಯಪ್ಪ, ಬಾ ಇಲ್ಲಿ," ಎಂದು ಮೈದುನನನ್ನು ಕರೆದರು. "ನಿಮ್ಮನೇಲಿರೋ ಎರಡು ದೊಡ್ಡ ಮಣ್ಣಿನ ಹರವಿ ತಂದು ಈ ಮರದಡಿ ಇಡ್ಸು. ಮಗಳು ಗುಬ್ಬಿಗೆ ಹೋಗಿ ಬೆಲ್ಲ ತರ್ಲಿ. ಮಳೆ ಬೀಳೋಗಂಟ ನಿಮ್ಮಣ್ಣನ ಹೆಸರಲ್ಲಿ ಇಲ್ಲೊಂದು ಅರವಟ್ಟಿಗೆ ಇಕ್ಬೇಕು ನಾನು. ನಮ್ಮಜ್ಜಿ ಯಡಿಯೂರು ದಾರೀಲಿ ಸಾಯೋವರ್ಗೂ ಇಕ್ಕಿದ್ಳು. ಮೇಷ್ಟ್ರ ಗುಣಿ ಹತ್ರ ಬಂದೋರು ಬಾಯಾರ್ಕೊಂಡು ಹೋಗೋದಾ?"

ಮಾತು ಬೆಟ್ಟಸ್ವಾಮಿಯ ಕಿವಿಗೆ ಬಿತ್ತು. ಏನಂದ್ರಿ ಎಂದು ಕೇಳಲು ಬಾಯಿ ತೆರೆದವನು ಫಕ್ಕನೆ ಮುಚ್ಚಿಕೊಂಡ. ಕೇಳಕೂಡದು, ಅದು ನಿಯಮ. ಬೆರಳಿಗೆ ಎಂಜಲು ಹಚ್ಚಿ 'ರೇ' ಒರೆಸಿದ. ಒರೆಸಿದ ಕಲೆಯ ಪಕ್ಕದಲ್ಲೇ, ಸಿದ್ದಲಕ್ಷ್ಮಮ್ಮ, ಯಡಿಯೂರು ಕಡೆಯವರು, ಗುಬ್ಬಿ ರಸ್ತೆ, ಹೊಂಗೆ ಮರದಡಿ ಎಂದು ಬರೆದು ತಾರೀಖು ಹಾಕಿದ. ಚೀಟಿ ತಿರುಗಿಸಿ, ಹದಿಮೂರು ವರ್ಷ ಖಾಲಿ ಇದ್ದ ಜಾಗದಲ್ಲಿ ಆ ಮಾತು ಬರೆದ. ಕಣ್ಣು ತುಂಬಿಕೊಂಡು ಅಕ್ಷರ ಕಾಣಿಸುತ್ತಿರಲಿಲ್ಲ. ಅಂದಾಜಿನ ಮೇಲೆ ಬರೆದ.

*

ಎಪ್ಪತ್ತಮೂರರಲ್ಲಿ ಮೇಷ್ಟ್ರ ಮನೆಯ ಒಂದು ಮಧ್ಯಾಹ್ನದ ಊಟಕ್ಕೆ ಬೆಟ್ಟಸ್ವಾಮಿಯೂ ಇದ್ದ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಸಿದ್ದಲಕ್ಷ್ಮಮ್ಮನವರು, ಇನ್ನೊಂದು ಅರ್ಧ ಇಕ್ಲಾ ಎಂದದ್ದೇ ತಡ, ಮೇಷ್ಟ್ರು ಎಂಜಲು ಕೈಯಲ್ಲೇ ಎದ್ದು ಚೀಟಿ ಹುಡುಕಲು ಹೋದರು. ಬರೆದು, ಹಳೇ ಚೀಟಿಗಳ ಜೊತೆ ಹೋಲಿಸಿ, ಬಂದು ಕೂರುವಷ್ಟರಲ್ಲಿ ಸಾರಿನ ಮೇಲೆ ಕೆನೆ ಕಟ್ಟಿತ್ತು. ಅದು ಆ ವಾರದಲ್ಲಿ ನಾಲ್ಕನೆಯ ಸಲ.

"ಇನ್ಮೇಲೆ ಈ ಮನೇಲಿ ಆ ಮಾತು ನನ್ನ ಬಾಯಲ್ಲಿ ಬಂದ್ರೆ ಕೇಳಿ," ಎಂದಿದ್ದರು ಸಿದ್ದಲಕ್ಷ್ಮಮ್ಮ. "ನಿಮಗೆ ಊಟ ಮಾಡ್ಸೋಕೆ ಬೇರೆ ದಾರಿ ಇಲ್ಲ ನಂಗೆ."

ಅವರು ಮಾತಿಗೆ ತಪ್ಪುವ ಪೈಕಿ ಅಲ್ಲ. ಅವತ್ತಿನಿಂದ ಆ ಮನೆಯಲ್ಲಿ ಮುದ್ದೆ ಬಡಿಸಿದರು, ಬೀಗ ಹಾಕಿದರು, ರಂಗೋಲಿ ಬಿಟ್ಟರು. ಮೇಷ್ಟ್ರು ಬಿಸಿಯೂಟ ಉಂಡು ಮೈ ತುಂಬಿಕೊಂಡರು. ಉಂಡು ಕೈ ತೊಳೆದು, ಮಾತು ಹುಡುಕಿಕೊಂಡು ಕುಣಿಗಲ್ ಬಸ್ಸು ಹತ್ತಿದರು.

*

"ಟ್ರಂಕು ಕೊಡು, ಗೂಡು ಆಯ್ತು," ಎಂದು ಅಡವಿಯಪ್ಪ ಬಂದು ನಿಂತ.

"ಕೊಡಾಕಿಲ್ಲ. ಮೂವತ್ತೊಂದು ತುಂಬಿದೆ," ಎಂದು ಬೆಟ್ಟಸ್ವಾಮಿ ಚೀಟಿ ತೋರಿಸಿದ.

ಅಡವಿಯಪ್ಪ ಚೀಟಿಯನ್ನು ನೋಡಿದ, ಒರೆಸಿದ ಕಲೆಯನ್ನು ನೋಡಿದ, ಬೆಟ್ಟಸ್ವಾಮಿಯ ಕೈಯ ಪೆನ್ಸಿಲ್ಲನ್ನೂ ನೋಡಿದ. ಎಪ್ಪತ್ತಾರರ ಉಪ್ಪಿನಕಾಯಿ ಕತೆ ಅವನಿಗೂ ಗೊತ್ತಿತ್ತು. ಅಣ್ಣ ಕೂತಿರುವಾಗಲೇ ಕಳ್ಳಬರಹ ಮಾಡಿದೆಯಲ್ಲ ಎಂದು ದನಿ ಎತ್ತಿದ. ಕಲೆ ಬೆಟ್ಟಸ್ವಾಮಿಯದೇ, ಅದನ್ನು ಅವನು ಇಲ್ಲವೆನ್ನಲಿಲ್ಲ. ಸಿದ್ದಲಕ್ಷ್ಮಮ್ಮನವರು ಹತ್ತಿರ ಬಂದು ಏನದು, ಓದು ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಬೆಟ್ಟಸ್ವಾಮಿ ಮುಂದಿನದನ್ನೂ ಹಿಂದಿನದನ್ನೂ ಓದಿ ಹೇಳಿದ.

"ಈಗ ನಾನು ಅಂದಿದ್ದಲ್ವಾ ಇದು?" ಎಂದರು ಅವರು. ಬೆಟ್ಟಸ್ವಾಮಿ ಹೂಂ ಎಂದ. "ಇದ್ಕಾ ಈ ಮಹಾನುಭಾವ ಹದಿಮೂರು ವರ್ಷ ಭಾನುವಾರ ಭಾನುವಾರ ಮನೆ ಬಿಟ್ಟು ತಿರುಗಿದ್ದು?"

"ಹೂಂ ಕಣಮ್ಮ."

"ಕೇಳಿದ್ರೆ ಹೇಳ್ತಿದ್ನಲ್ಲೋ."

"ಕೇಳಬಾರ್ದು ಅಂತ ಅವರ ರೂಲು."

"ಆಡಬಾರ್ದು ಅಂತ ನಂದು," ಎಂದು ಸಿದ್ದಲಕ್ಷ್ಮಮ್ಮ ಗಂಡನ ಕಡೆ ತಿರುಗಿದರು. ನಗು ಬಂತು, ನಗುತ್ತಲೇ ಅಳು ಬಂತು. ಎರಡನ್ನೂ ತಡೆಯದೆ ಕುರ್ಚಿಯ ಕೈ ಹಿಡಿದು ನಿಂತಿದ್ದರು. ಆಮೇಲೆ ಮೂಗು ಒರೆಸಿಕೊಂಡು ಮೈದುನನಿಗೆ, ನನ್ನ ಬಾಯಿಂದ ಬಿದ್ದ ಮಾತು ನಿನ್ನ ಕಿವೀಗೂ ಬಿದ್ದಿದೆ, ಕಳ್ಳಬರಹ ಹೇಗಾಗುತ್ತೆ ಎಂದು ಕೇಳಿದರು. ಅಡವಿಯಪ್ಪ ಯೋಚಿಸಿದ. ಹೌದು, ಹರವಿ ತರಲು ಆಳನ್ನು ಕಳಿಸಿದ್ದು ಅವನೇ. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅವನಿಗೂ ಒಂದು ದೊಡ್ಡ ಭಾರ ಇಳಿದಂತೆ ಕಂಡಿತು. ಪೆಟ್ಟಿಗೆಗೆ ತೋಡಿದ ಜಾಗ ಮುಚ್ಚಿಬಿಡ್ರಪ್ಪ ಎಂದು ಕೂಗಿ ಹೇಳಿದ.

ಬೆಟ್ಟಸ್ವಾಮಿ ಪೆನ್ಸಿಲ್ಲನ್ನು ತನ್ನ ಪಂಚೆಗೆ ಒರೆಸಿ, ಎಲ್ಲಿಂದ ತೆಗೆದಿದ್ದನೋ ಅಲ್ಲಿಗೇ, ಮೇಷ್ಟ್ರ ಜೇಬಿಗೆ ಇಟ್ಟ. ಗೂಡಿನಲ್ಲಿ ಕೂರಿಸುವಾಗ ಅಯ್ಯನವರು ಅದನ್ನು ಕಂಡು, ಇದನ್ನು ತೆಗೆಯಬೇಕೇನಮ್ಮ ಎಂದರು.

"ಇರ್ಲಿ ಬುಡಿ," ಎಂದರು ಸಿದ್ದಲಕ್ಷ್ಮಮ್ಮ. "ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ ಬರ್ಕೊಳ್ಳೋಕೆ ಬೇಕಾಗ್ತದೆ."

ಎಡಗೈಯಲ್ಲಿ ಲಿಂಗ, ಸುತ್ತ ಬಿಲ್ವಪತ್ರೆ, ವಿಭೂತಿ ಗಟ್ಟಿಗಳು. ಮೊದಲ ಹಿಡಿ ಮಣ್ಣು ಹೆಂಡತಿಯದು, ಆಮೇಲೆ ಮಗಳದು, ತಮ್ಮನದು. ಬೆಟ್ಟಸ್ವಾಮಿ ಟ್ರಂಕನ್ನು ಒಂದು ಕಂಕುಳಲ್ಲಿ ಅವುಚಿಕೊಂಡು ಇನ್ನೊಂದು ಕೈಯಿಂದ ಮಣ್ಣು ಹಾಕಿದ. ಚೆನ್ನಮ್ಮ ಕೊನೆಯಲ್ಲಿ ಬಂದು, ಸ್ವಲ್ಪ ಹಿಂಜರಿದು, ತಾನೂ ಒಂದು ಹಿಡಿ ಹಾಕಿದಳು.

ಸಂಜೆ ನಾಲ್ಕರ ಹೊತ್ತಿಗೆ ಬಂದವರೆಲ್ಲ ಹೊರಟಿದ್ದರು. ಹೊಂಗೆ ಮರದಡಿ ಎರಡು ಹರವಿ ನೀರು ತುಂಬಿಕೊಂಡು ಕೂತಿದ್ದವು, ಬಾಯಿಗೆ ಒದ್ದೆ ಬಟ್ಟೆ, ಮೇಲೊಂದು ಹಿತ್ತಾಳೆ ಚೊಂಬು. ಸರ್ವಮಂಗಳ ಬೆಲ್ಲಕ್ಕೆಂದು ಗುಬ್ಬಿಗೆ ಹೋಗಿದ್ದಳು. ಸಿದ್ದಲಕ್ಷ್ಮಮ್ಮ ಮರದ ಬುಡಕ್ಕೆ ಒರಗಿ ಕೂತಿದ್ದರು, ಪಕ್ಕದಲ್ಲಿ ಟ್ರಂಕು, ಅದರ ಪಕ್ಕದಲ್ಲಿ ಬೆಟ್ಟಸ್ವಾಮಿ.

ರಸ್ತೆಯಲ್ಲಿ ಸಂತೆಯಿಂದ ಬರುತ್ತಿದ್ದ ಎತ್ತಿನಗಾಡಿಯೊಂದು ನಿಂತಿತು. ಮುಂದೆ ಕೂತಿದ್ದ ಮುದುಕ ಹರವಿಗಳನ್ನು ಕಂಡು ಗಾಡಿಯೊಳಗಿನವರಿಗೆ ಹೇಳಿದ: "ಇಳೀರ್ಲಾ, ಯಾರೋ ಪುಣ್ಯಾತ್ಮರು ಅರವಟ್ಟಿಗೆ ಇಕ್ಕವ್ರೆ."

ಬೆಟ್ಟಸ್ವಾಮಿ ನೆಟ್ಟಗೆ ಕೂತ. ಹದಿಮೂರು ವರ್ಷ ಅವನೂ ಮೇಷ್ಟ್ರೂ ಆ ಮಾತನ್ನು ಬಸ್ಸಿನಲ್ಲಿ ಹುಡುಕಿದರು, ಹೋಟೆಲಿನಲ್ಲಿ ಹುಡುಕಿದರು, ಸಂತೆಯಲ್ಲಿ ಹುಡುಕಿದರು. ಒಂದು ಸಲವೂ ಹರವಿ ತುಂಬಿ ನೀರಿಟ್ಟಿರಲಿಲ್ಲ. ಅವನ ಕೈ ಎದೆಜೇಬಿಗೆ ಹೋಯಿತು. ಚೀಟಿಯಿಲ್ಲ, ಪೆನ್ಸಿಲ್ಲೂ ಇಲ್ಲ. ಎರಡೂ ಮೇಷ್ಟ್ರ ಜೊತೆ ಹೋಗಿದ್ದವು. ಗಾಡಿಯವರು ಚೊಂಬು ಎತ್ತಿ ಕುಡಿಯುತ್ತಿದ್ದರು, ಇನ್ನೇನು ಹೊರಟುಬಿಡುತ್ತಾರೆ. ಅವನು ನೆಲದ ಮೇಲೆ ಕಡ್ಡಿ ಹುಡುಕತೊಡಗಿದ.

ಸಿದ್ದಲಕ್ಷ್ಮಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದರು. ಪೂಜೆಗೆ ತಂದು ಉಳಿದಿದ್ದ ಒಂದು ವಿಭೂತಿ ಗಟ್ಟಿ ಅದರಲ್ಲಿತ್ತು. ಅದನ್ನು ಅವನ ಕೈಗಿಟ್ಟು ಟ್ರಂಕನ್ನು ಅವನ ಮುಂದೆ ಸರಿಸಿದರು. ಬೆಟ್ಟಸ್ವಾಮಿ ಮಂಡಿಯೂರಿ ಕೂತು, ಮುದುಕನ ಹೆಸರು ಊರು ಕೇಳಿಕೊಂಡು, ಕರಿ ಮುಚ್ಚಳದ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ ಬರೆಯತೊಡಗಿದ. ಅರ್ಧ ಸಾಲು ಮುಗಿಯುವಷ್ಟರಲ್ಲಿ ರಸ್ತೆಯ ಆಚೆಯಿಂದ ಇನ್ನೊಬ್ಬಳು, ಅರವಟ್ಟಿಗೆ ಇಕ್ಕವ್ರೆ ಬಾರೇ ಎಂದು ಹಿಂದಿನವಳನ್ನು ಕರೆಯುತ್ತ ಬಂದಳು. ಸಿದ್ದಲಕ್ಷ್ಮಮ್ಮನವರು ಮುಚ್ಚಳದ ಉಳಿದರ್ಧದ ಧೂಳನ್ನು ಸೆರಗಿನಿಂದ ಒರೆಸಿ ಜಾಗ ಮಾಡಿಕೊಟ್ಟರು.